ಗೋಡೆಯಿದ್ದ ಬೀದಿಯಲ್ಲಿ ಹಳೆಯ ಫೋಟೋದ ಜಾಗ ಹುಡುಕುತ್ತಾ

ಬರ್ಲಿನ್‌ನ ಬೆರ್ನಾವರ್ ಸ್ಟ್ರಾಸೆ ಎಂಬ ಬೀದಿಯಲ್ಲಿ ನವೆಂಬರ್‌ನ ಒಂದು ಹಗಲು ಹೋದದ್ದು ಒಂದೇ ಕೆಲಸಕ್ಕೆ: ನಗರವನ್ನು ಪೂರ್ವ, ಪಶ್ಚಿಮ ಎಂದು ಸೀಳಿದ್ದ ಬರ್ಲಿನ್ ಗೋಡೆಯಿದ್ದಾಗ ತೆಗೆದ ಫೋಟೋಗಳನ್ನು ಅದೇ ಜಾಗದಿಂದ ಮತ್ತೆ ತೆಗೆಯುವುದು. ಚಳಿಗಾಲವನ್ನೇ ಆರಿಸಿಕೊಳ್ಳಬೇಕು. ಗೋಡೆ ಹೋದ ಮೇಲೆ ಬೆಳೆದ ಮರಗಳು ಎಲೆ ಉದುರಿಸಿದಾಗಲೇ ಹಿಂದಿನ ಕಟ್ಟಡಗಳು ಕಾಣುತ್ತವೆ. ಆದರೆ ಸೂರ್ಯ ಸಂಜೆ ನಾಲ್ಕೂಕಾಲಕ್ಕೇ ಮುಳುಗುವುದರಿಂದ ಕೆಲಸಕ್ಕೆ ಸಿಗುವ ಹೊತ್ತು ಕಡಿಮೆ.

ಮೊದಲು ಹಳೆಯ ಫೋಟೋದ ಕಾಲ ಗೊತ್ತುಮಾಡಿಕೊಳ್ಳಬೇಕು. ಗೋಡೆ ಏಳಲು ಶುರುವಾದದ್ದು 1961ರ ಆಗಸ್ಟ್ 13ರಂದು. ಮೇಲೆ ದುಂಡು ಕೊಳವೆ ಕೂರಿಸಿದ ನುಣುಪು ಕಾಂಕ್ರೀಟ್ ಹಲಗೆಗಳು ಕಂಡರೆ ಅದು 1975ರ ನಂತರದ ಚಿತ್ರ. ಗೋಡೆಯ ಹಿಂದೆ ಚರ್ಚಿನ ಗೋಪುರ ಕಂಡರೆ 1985ರ ಜನವರಿಗಿಂತ ಹಿಂದಿನದು. ಹೊರಗೋಡೆ, ಒಳಗೋಡೆಗಳ ನಡುವಿನ ಗಡಿಪಟ್ಟಿಯೊಳಗೆ ಸಿಕ್ಕಿಕೊಂಡಿದ್ದ ಫೆರ್ಜೋನುಂಗ್ಸ್ ಚರ್ಚನ್ನು ಆ ತಿಂಗಳು ಸಿಡಿಮದ್ದಿಟ್ಟು ಉರುಳಿಸಿದರು. ಈಗ ಅಲ್ಲಿರುವುದು 2000ದಲ್ಲಿ ತೆರೆದ ಮಣ್ಣಿನ ಗೋಡೆಯ ಚಿಕ್ಕ ಪ್ರಾರ್ಥನಾ ಮಂದಿರ. ಬಿಸಿಲೂ ಸಾಕ್ಷಿ ಹೇಳುತ್ತದೆ. ಇಲ್ಲಿ ಗೋಡೆಯ ಪಶ್ಚಿಮ ಬರ್ಲಿನ್ ಕಡೆಯ ಮುಖ ವಾಯವ್ಯಕ್ಕಿದೆ. ಅದರ ಮೇಲೆ ಪೂರಾ ಬಿಸಿಲು ಬಿದ್ದಿದ್ದರೆ ಅದು ಬೇಸಿಗೆಯ ಇಳಿಹೊತ್ತು. ಫೋಟೋದ ಹಿಂದೆ ಸಮಯ ಬರೆದಿದ್ದರೆ ಇನ್ನೊಂದು ಎಚ್ಚರ ಬೇಕು: 1980ರಿಂದ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ.

ಜಾಗ ಹಿಡಿಯುವುದೇ ಕಷ್ಟದ ಕೆಲಸ, ಹೆಚ್ಚು ಹೊತ್ತು ತಿನ್ನುವುದೂ ಅದೇ. ಲೆನ್ಸ್ ಬದಲಿಸಿದರೆ ಚಿತ್ರ ಅಗಲವಾಗುತ್ತದೆ ಇಲ್ಲವೇ ಕಿರಿದಾಗುತ್ತದೆ. ಯಾವುದು ಯಾವುದರ ಹಿಂದೆ ಮರೆಯಾಗುತ್ತದೆ ಎನ್ನುವುದು ಮಾತ್ರ ನಿಂತ ಜಾಗದಿಂದಲೇ ತೀರ್ಮಾನವಾಗುವುದು. ಹಾಗಾಗಿ ಪ್ರಿಂಟಿನಲ್ಲಿ ಹತ್ತಿರದ್ದೊಂದು, ದೂರದ್ದೊಂದು ವಸ್ತು ಒಂದೇ ಗೆರೆಗೆ ಬರುವ ಜೋಡಿ ಹುಡುಕಬೇಕು. ಉಳಿದುಕೊಂಡ ಮನೆಯ ಅಂಚು ಮತ್ತು ಟಿವಿ ಗೋಪುರದ ಗೋಳ ಒಳ್ಳೆಯ ಜೋಡಿ. ಗೋಪುರದ ತುದಿಯನ್ನು ಮಾತ್ರ ನಂಬಬಾರದು. 365 ಮೀಟರಿದ್ದದ್ದು 1990ರ ದಶಕದಲ್ಲಿ ಆಂಟೆನಾ ಬದಲಾಗಿ 368 ಆಯಿತು. ಒಂದು ಜೋಡಿ ಸಿಕ್ಕರೆ ನಿಲ್ಲಬೇಕಾದ ಗೆರೆ ಸಿಕ್ಕಿತು, ಇನ್ನೊಂದು ಕೋನದಲ್ಲಿ ಎರಡನೆಯದೂ ಸಿಕ್ಕರೆ ಬಿಂದುವೇ ಸಿಕ್ಕಿತು. ಅಂದಾಜು ಸಾಲದು. 50 ಮಿ.ಮೀ. ಲೆನ್ಸಿನಲ್ಲಿ ಅರ್ಧ ಮೀಟರ್ ಪಕ್ಕಕ್ಕೆ ಸರಿದರೆ, 10 ಮೀಟರ್ ದೂರದ ಕಂಬ 36 ಮಿ.ಮೀ. ಅಗಲದ ಫ್ರೇಮಿನಲ್ಲಿ ಎರಡೂವರೆ ಮಿ.ಮೀ. ಜರುಗುತ್ತದೆ. ಜೋಡಿಸಿ ನೋಡಿದಾಗ ಅದು ಕಣ್ಣಿಗೆ ಹೊಡೆಯುತ್ತದೆ.

ನೆಲದ ಮೇಲಿನ ಬಿಂದು ಸಿಕ್ಕರೂ ಎತ್ತರ ಉಳಿಯಿತು. ಗೋಡೆಯಾಚೆ ಇಣುಕಲು ಪಶ್ಚಿಮದವರು ಮರದ ಅಟ್ಟಣಿಗೆ ಕಟ್ಟಿಕೊಂಡಿದ್ದರು. ಎಷ್ಟೋ ಹಳೆಯ ಚಿತ್ರಗಳು ಅದರ ಮೇಲಿಂದ ತೆಗೆದವು, ಈಗ ಅಟ್ಟಣಿಗೆ ಇಲ್ಲ. ಕ್ಯಾಮೆರಾ ಎತ್ತರ ತಿಳಿಯಲು ಚಿತ್ರದಲ್ಲಿ ದಿಗಂತದ ಮಟ್ಟ ಗುರುತಿಸಿ. ಆ ಮಟ್ಟ ಯಾವುದನ್ನು ಎಲ್ಲಿ ಕತ್ತರಿಸುತ್ತದೋ ಅದೇ ಕ್ಯಾಮೆರಾದ ಎತ್ತರ. ಹಲಗೆಗಳ ಎತ್ತರ 3.6 ಮೀಟರ್, ಅಗಲ 1.2 ಮೀಟರ್ ಎಂದು ಗೊತ್ತಿರುವುದರಿಂದ ಗೋಡೆಯೇ ಅಳತೆಗೋಲು. ದಿಗಂತ ಗೋಡೆಯ ನೆತ್ತಿಗಿಂತ ಮೇಲಿದ್ದರೆ ಕ್ಯಾಮೆರಾ ನಾಲ್ಕು ಮೀಟರಿನ ಆಸುಪಾಸು ಇದ್ದಿರಬೇಕು. ಆಗ ಉದ್ದನೆಯ ಕೋಲಿಗೆ ಕ್ಯಾಮೆರಾ ಕಟ್ಟಿ, ಫೋನಿನಲ್ಲಿ ನೋಡುತ್ತಾ ಕ್ಲಿಕ್ಕಿಸಬೇಕಾಗುತ್ತದೆ. ಗಾಳಿಗೆ ಕೋಲು ತೂಗುವುದರಿಂದ ಶಟರ್ 1/500 ಸೆಕೆಂಡಿಗೆ ಇಡುವುದು ಕ್ಷೇಮ.

ನಗರದ ನಡುವೆ ಗೋಡೆಯ ಗುರುತಿಗೆ ಹಾಸಿರುವ ಎರಡು ಸಾಲು ಕಲ್ಲುಗಳು ಹೊರಗೋಡೆಯನ್ನಷ್ಟೇ ತೋರಿಸುತ್ತವೆ, ಪೂರ್ವದ ಒಳಗೋಡೆಯನ್ನಲ್ಲ. ಪೂರ್ವ, ಪಶ್ಚಿಮಗಳ ನಡುವೆ ದಾಟುವ ಠಾಣೆಯಾಗಿದ್ದ ಚೆಕ್‌ಪಾಯಿಂಟ್ ಚಾರ್ಲಿಯಲ್ಲಿ ಈಗಿರುವ ಕಾವಲು ಕೋಣೆಯೂ ಪ್ರತಿಕೃತಿ. ಮೂಲವನ್ನು 1990ರ ಜೂನ್‌ನಲ್ಲೇ ಎತ್ತಿಕೊಂಡು ಹೋದರು. ಅದನ್ನು ಗುರುತಾಗಿ ಹಿಡಿದರೆ ಲೆಕ್ಕ ತಪ್ಪುತ್ತದೆ.

ನನಗೆ ಮುಖ್ಯವಾಗಿ ಕಾಡುವುದು ಬೇರೆ. ಪೂರ್ವದಲ್ಲಿ ಗಡಿಯ ಫೋಟೋ ತೆಗೆಯುವುದು ನಿಷಿದ್ಧವಾಗಿತ್ತು. ಹೀಗಾಗಿ ನಮಗೆ ಸಿಗುವ ‘ಮೊದಲು’ ಬಹುಪಾಲು ಪಶ್ಚಿಮದ ಕಣ್ಣಿನದು. ಅದಕ್ಕೇ ಹೊಂದಿಸುತ್ತಾ ಹೋದರೆ ‘ಆಮೇಲೆ’ ಕೂಡ ಅರ್ಧವೇ. ಆದ್ದರಿಂದ ಪ್ರತಿ ಜೋಡಿಗೂ ಹಿಂದಿರುಗಿ ಇನ್ನೊಂದು ಚಿತ್ರ ತೆಗೆಯುತ್ತೇನೆ: ಸ್ಟ್ರೆಲಿಟ್ಸರ್ ಸ್ಟ್ರಾಸೆಯ ಪೂರ್ವದ ತುದಿಯಲ್ಲಿ ನಿಂತು, ಕಣ್ಣೆತ್ತರದಲ್ಲಿ, ಪಶ್ಚಿಮಕ್ಕೆ ಮುಖಮಾಡಿ. ಅದಕ್ಕೆ ಜೊತೆಯಾಗುವ ಹಳೆಯ ಚಿತ್ರವಿಲ್ಲ. ಪುಟದಲ್ಲಿ ಹಳೆಯ ಚಿತ್ರ ಬರಬೇಕಾದ ಎಡಭಾಗವನ್ನು ಖಾಲಿ ಬಿಟ್ಟೇ ಅಚ್ಚು ಮಾಡಿಸುತ್ತೇನೆ.