ಈ ದುಡ್ಡು ಈಗ ಯಾರದ್ದು?

ನಮ್ಮ ಅಕೌಂಟೆನ್ಸಿ ಮೇಷ್ಟ್ರು ಬೋರ್ಡಿನ ಮೇಲೆ ಯಾವ ಎಂಟ್ರಿ ಬರೆಯುವ ಮೊದಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಈ ದುಡ್ಡು ಈಗ ಯಾರದ್ದು?" ನಮ್ಮಲ್ಲಿ ಯಾರಾದರೂ ಉತ್ತರ ಹೇಳುವವರೆಗೆ ಸೀಮೆಸುಣ್ಣ ಅವರ ಕೈಯಲ್ಲೇ ಇರುತ್ತಿತ್ತು.

1996ರಿಂದ 1999ರವರೆಗೆ ನಾನು ತಿಪಟೂರಿನಲ್ಲಿ ಬಿ.ಕಾಂ. ಓದಿದೆ. ನಮ್ಮ ಕ್ಲಾಸಿನ ಜಾಸ್ತಿ ಮಕ್ಕಳ ಮನೆಯಲ್ಲಿ ಊಟ ನಡೆಯುತ್ತಿದ್ದದ್ದು ಕೊಬ್ಬರಿಯಿಂದ. ಕೆಲವರದ್ದು ತೋಟ, ಕೆಲವರದ್ದು ಮಂಡಿ, ಇನ್ನು ಕೆಲವರ ಅಪ್ಪಂದಿರು ಮಂಡಿಯಲ್ಲಿ ಸಂಬಳಕ್ಕೆ ಇದ್ದವರು. ನಮ್ಮಪ್ಪ ಈ ಮೂರನೆಯವರು. ಗುಮಾಸ್ತರು. ಬೆಳಿಗ್ಗೆಯಿಂದ ಸಂಜೆವರೆಗೆ ಕಿರ್ದಿ ಬರೆಯುತ್ತಿದ್ದರು, ಅವರ ಅಂಕಿಗಳು ಅಚ್ಚು ಹಾಕಿದ ಹಾಗೆ ಇರುತ್ತಿದ್ದವು.

ಎರಡನೇ ವರ್ಷದಲ್ಲಿ ಕಂಪನಿ ಅಕೌಂಟ್ಸ್ ಶುರುವಾಯಿತು. ಮೊದಲ ಪಾಠವೇ ಷೇರು ಬಿಡುಗಡೆ. ಅರ್ಜಿ ಜೊತೆ ದುಡ್ಡು ಬಂದಿದೆ, ಎಂಟ್ರಿ ಬರೀರಿ ಅಂದರು. ನಾನು ತುಂಬಾ ಧೈರ್ಯವಾಗಿ ಎದ್ದು ನಿಂತು, ಬ್ಯಾಂಕ್ ಅಕೌಂಟ್ ಡೆಬಿಟ್, ಷೇರ್ ಕ್ಯಾಪಿಟಲ್ ಅಕೌಂಟ್ ಕ್ರೆಡಿಟ್ ಅಂದೆ. ಅಂದರೆ ದುಡ್ಡು ಬ್ಯಾಂಕಿಗೆ ಬಂತು, ಆಗಲೇ ಕಂಪನಿಯ ಬಂಡವಾಳವೂ ಆಯಿತು ಅಂತ. ಮೇಷ್ಟ್ರು ತಪ್ಪು ಅನ್ನಲಿಲ್ಲ.

"ರೈತ ಕೊಬ್ಬರಿ ಚೀಲ ತಂದು ಮಂಡಿಯಲ್ಲಿ ಇಳಿಸ್ದ. ಹರಾಜು ಇನ್ನೂ ಆಗಿಲ್ಲ. ಕೊಬ್ಬರಿ ಯಾರದ್ದಮ್ಮ?"

"ರೈತಂದು ಸಾರ್."

"ಮಂಡಿಯವರ ಗೋಡೌನಲ್ಲಿ ಇದೆಯಲ್ಲ?"

"ಇದ್ರೂ ರೈತಂದೇ ಸಾರ್."

"ಹಾಗಾದ್ರೆ ಅರ್ಜಿ ಜೊತೆ ಬಂದ ದುಡ್ಡು ಕಂಪನಿದು ಹೇಗಾಯ್ತು?"

ಕ್ಲಾಸಿನಲ್ಲಿ ಎಲ್ಲರಿಗೂ ಒಂದೇ ಸಲ ಅರ್ಥವಾಯಿತು. ಷೇರ್ ಅಪ್ಲಿಕೇಶನ್ ಅಕೌಂಟ್ ಅಂತ ಒಂದು ಖಾತೆ ಮಧ್ಯದಲ್ಲಿ ಯಾಕೆ ಬೇಕು ಅಂತ ಅವರು ಆಮೇಲೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಜನ ಷೇರು ಬೇಕು ಅಂತ ಕೇಳಿದ್ದಾರೆ, ಕಂಪನಿ ಇನ್ನೂ ಕೊಡುತ್ತೇನೆ ಅಂದಿಲ್ಲ. ಬಿಡುಗಡೆ ಮಾಡಿದ್ದರಲ್ಲಿ ಶೇಕಡಾ 90ರಷ್ಟಕ್ಕಾದರೂ ಬೇಡಿಕೆ ಬರದಿದ್ದರೆ ಅಷ್ಟೂ ದುಡ್ಡು ವಾಪಸ್ ಕೊಡಬೇಕು. ಅಲ್ಲಿಯವರೆಗೆ ಅದನ್ನು ಬೇರೆ ಬ್ಯಾಂಕ್ ಖಾತೆಯಲ್ಲಿ ಇಡಬೇಕು, ಕಂಪನಿ ಮುಟ್ಟುವ ಹಾಗಿಲ್ಲ. ಅಲಾಟ್‌ಮೆಂಟ್ ಆದ ದಿನ, ಅಂದರೆ ಯಾರಿಗೆ ಎಷ್ಟು ಷೇರು ಅಂತ ಕಂಪನಿ ಹಂಚಿದ ದಿನ, ಷೇರ್ ಅಪ್ಲಿಕೇಶನ್ ಡೆಬಿಟ್ ಆಗಿ ಷೇರ್ ಕ್ಯಾಪಿಟಲ್ ಕ್ರೆಡಿಟ್ ಆಗುತ್ತದಲ್ಲ, ಅದೇ ಹರಾಜು ಕೂಗಿದ ಗಳಿಗೆ. ಆ ಒಂದು ಸಾಲಿನಲ್ಲಿ ದುಡ್ಡಿನ ಯಜಮಾನ ಬದಲಾಗುತ್ತಾನೆ.

ಇಲ್ಲಿ ನಮ್ಮ ಮನೆಯ ಒಂದು ವಿಷಯ ಹೇಳಬೇಕು.

ತೊಂಬತ್ತರ ದಶಕದ ಮಧ್ಯದಲ್ಲಿ ಪಬ್ಲಿಕ್ ಇಶ್ಯೂಗಳ, ಅಂದರೆ ಕಂಪನಿಗಳು ಜನರಿಗೆ ಷೇರು ಮಾರುವುದರ, ಸುಗ್ಗಿ. ಹೊಸ ಹೊಸ ಕಂಪನಿಗಳ ಅರ್ಜಿ ಫಾರಂ ನಮ್ಮಂಥ ಊರಿಗೂ ಬರುತ್ತಿದ್ದವು. 1995ರಲ್ಲಿ ಯಾರೋ ಹೇಳಿದರು ಅಂತ ಅಪ್ಪನೂ ಒಂದು ಕಂಪನಿಗೆ ಅರ್ಜಿ ಹಾಕಿದ್ದರು. 10 ರೂಪಾಯಿ ಮುಖಬೆಲೆಯ 150 ಷೇರು. ಅರ್ಜಿ ಜೊತೆ ಷೇರಿಗೆ ಎರಡೂವರೆ ರೂಪಾಯಿ, ಒಟ್ಟು 375. ಸಿಕ್ಕಿದ್ದು 100 ಷೇರು. ಅಲಾಟ್‌ಮೆಂಟಿಗೆ ಅಂತ ಇನ್ನೂ 125 ಕಟ್ಟಿದರು. ಆಮೇಲೆ ಮೊದಲನೇ ಕಾಲ್ ಬಂತು, ಅಂದರೆ ಬಾಕಿಯ ಒಂದು ಕಂತು ಕಟ್ಟಿ ಅಂತ ಕಂಪನಿಯ ಕರೆ, 250 ರೂಪಾಯಿ. ಆ ವರ್ಷ ಮಳೆಗಾಲಕ್ಕೆ ಮುಂಚೆ ಮನೆ ಹೆಂಚು ತೆಗೆಸಿ ಹಾಕಿಸಬೇಕಿತ್ತು. ಕಟ್ಟಲು ಆಗಲಿಲ್ಲ. ಕೊನೆಯ ಕಾಲ್ ಬಂತು, ಇನ್ನೊಂದು 250. ಅದೂ ಆಗಲಿಲ್ಲ. ಆಮೇಲೆ ಒಂದು ನೋಟಿಸ್, ಅದಾದ ಮೇಲೆ ಒಂದು ಕಾಗದ: ನಿಮ್ಮ ಷೇರುಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಗಿದೆ. ಇಂಗ್ಲಿಷಿನಲ್ಲಿತ್ತು. ಅಪ್ಪ ಅದನ್ನು ಮಡಚಿ ಪಂಚಾಂಗದೊಳಗೆ ಇಟ್ಟುಬಿಟ್ಟಿದ್ದರು.

ಫಾರ್ಫೀಚರ್, ಅಂದರೆ ಮುಟ್ಟುಗೋಲಿನ ಪಾಠ ಬಂದ ವಾರ ನನಗೆ ಆ ಕಾಗದ ನೆನಪಾಯಿತು. ಅಪ್ಪನನ್ನು ಕೇಳಿ ಕಾಲೇಜಿಗೆ ತಂದೆ. ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮೇಷ್ಟ್ರಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. "ಇದನ್ನ ನಾಳೆ ಬೋರ್ಡಿಗೆ ಹಾಕ್ಲಾ? ಹೆಸರು ಹಾಕಲ್ಲ" ಅಂದರು. ಮರುದಿನ ನಮ್ಮಪ್ಪ ಬೋರ್ಡಿನ ಮೇಲೆ ಬರೀ 'ಎ' ಆದರು. ನನ್ನ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಮೊದಲು ಪ್ರೋ-ರೇಟಾ, ಅಂದರೆ ಕೇಳಿದ್ದಕ್ಕಿಂತ ಕಡಿಮೆ ಷೇರನ್ನು ಎಲ್ಲರಿಗೂ ಒಂದೇ ಅನುಪಾತದಲ್ಲಿ ಹಂಚುವುದು. ನಮ್ಮ ಬ್ಯಾಚಿನಲ್ಲಿ ಇದರಲ್ಲಿ ಎಡವದವರೇ ಇರಲಿಲ್ಲ. ಈಗಲೂ ಎಡವುತ್ತಾರೆ, ನೋಡುತ್ತಲೇ ಇರುತ್ತೇನೆ. ಎ ಕೇಳಿದ್ದು 150, ಸಿಕ್ಕಿದ್ದು 100. ಕೊಟ್ಟ 375ರಲ್ಲಿ 100 ಷೇರಿನ ಅರ್ಜಿ ಹಣ 250 ಮಾತ್ರ. ಉಳಿದ 125 ಯಾರದ್ದು? ಎಯದ್ದೇ, ಆದರೆ ವಾಪಸ್ ಕೊಡುವುದಿಲ್ಲ, ಅಲಾಟ್‌ಮೆಂಟಿಗೆ ಜಮಾ ಮಾಡಿಕೊಳ್ಳುತ್ತಾರೆ. ಅದಕ್ಕೇ ಅಲಾಟ್‌ಮೆಂಟಿನ 250ರಲ್ಲಿ ಎ ಕೈಯಿಂದ ಕೊಟ್ಟದ್ದು 125. ಲೆಕ್ಕ ಮಾಡುವಾಗ ಒಂದನ್ನು ಮಾತ್ರ ಹಿಡಿದುಕೊಳ್ಳಿ, ಕೇಳಿದ ಷೇರೆಷ್ಟು, ಸಿಕ್ಕ ಷೇರೆಷ್ಟು. ಇವೆರಡನ್ನು ಬೇರೆ ಬೇರೆ ಬರೆದುಕೊಂಡರೆ ಪ್ರೋ-ರೇಟಾ ಯಾವತ್ತೂ ಕಾಡುವುದಿಲ್ಲ.

ಆಮೇಲೆ ಮುಟ್ಟುಗೋಲು. ಷೇರ್ ಕ್ಯಾಪಿಟಲ್ ಡೆಬಿಟ್ 1,000. ಫಸ್ಟ್ ಕಾಲ್ ಕ್ರೆಡಿಟ್ 250, ಫೈನಲ್ ಕಾಲ್ ಕ್ರೆಡಿಟ್ 250, ಷೇರ್ ಫಾರ್ಫೀಟೆಡ್ ಅಕೌಂಟ್ ಕ್ರೆಡಿಟ್ 500. ಮೇಷ್ಟ್ರು ಆ 500ರ ಕೆಳಗೆ ಎರಡು ಗೆರೆ ಎಳೆದು ಕೇಳಿದರು. "ಈ ದುಡ್ಡು ಈಗ ಯಾರದ್ದು?"

ಯಾರೂ ಮಾತಾಡಲಿಲ್ಲ. ನನಗೆ ಗಂಟಲು ಕಟ್ಟಿತ್ತು.

ಅವರೇ ಹೇಳಿದರು. ಈಗ ಕಂಪನಿದು. ಆದರೆ ಪೂರ್ತಿ ಅದರದ್ದೇ ಅಂತ ಇನ್ನೂ ಹೇಳುವ ಹಾಗಿಲ್ಲ. ಈ ಷೇರುಗಳನ್ನು ಕಂಪನಿ ಬೇರೆಯವರಿಗೆ ಮತ್ತೆ ಕೊಡಬಹುದು, 10 ರೂಪಾಯಿಗಿಂತ ಕಡಿಮೆಗೂ ಕೊಡಬಹುದು, ಆದರೆ ಎಷ್ಟು ಕಡಿಮೆ? ಎ ಒಂದು ಷೇರಿಗೆ 5 ರೂಪಾಯಿ ಕೊಟ್ಟಿದ್ದಾನೆ, ಅದಕ್ಕಿಂತ ಜಾಸ್ತಿ ರಿಯಾಯಿತಿ ಕೊಡುವಂತಿಲ್ಲ. ಹಳಬ ಕೊಟ್ಟದ್ದು, ಹೊಸಬ ಕೊಡುವುದು, ಎರಡೂ ಸೇರಿ 10 ರೂಪಾಯಿ ತುಂಬಲೇಬೇಕು. 8 ರೂಪಾಯಿಗೆ ಕೊಟ್ಟರು ಅಂತ ಇಟ್ಟುಕೊಳ್ಳಿ. ಬ್ಯಾಂಕ್ ಡೆಬಿಟ್ 800, ಷೇರ್ ಫಾರ್ಫೀಟೆಡ್ ಡೆಬಿಟ್ 200, ಷೇರ್ ಕ್ಯಾಪಿಟಲ್ ಕ್ರೆಡಿಟ್ 1,000. ಉಳಿದ 300 ಬಂಡವಾಳದ ಮೀಸಲಿಗೆ, ಅಂದರೆ ಕ್ಯಾಪಿಟಲ್ ರಿಸರ್ವ್‌ಗೆ. ಅದು ವ್ಯಾಪಾರದಲ್ಲಿ ದುಡಿದ ಲಾಭ ಅಲ್ಲ, ಅದಕ್ಕೇ ಲಾಭ ನಷ್ಟದ ಪಟ್ಟಿಗೆ ಹೋಗುವುದಿಲ್ಲ.

"ಕಟ್ಟಿದವರ ದೃಷ್ಟಿಯಿಂದ ನೋಡಿದ್ರೆ ಕಂಪನಿ ಮಾಡಿದ್ದು ಸರಿ. ಎಲ್ಲರೂ ಕಟ್ತಾರೆ ಅಂತ ನಂಬಿ ಕಟ್ಟಡ ಶುರು ಮಾಡಿರ್ತಾರೆ. ಆದ್ರೆ 'ಎ'ಗೂ ಒಂದು ಹಕ್ಕಿದೆ. ನೋಟಿಸ್ ಕೊಡಬೇಕು, 14 ದಿನಕ್ಕೆ ಕಡಿಮೆ ಇಲ್ಲದ ಗಡುವು ಕೊಡಬೇಕು, ಕಟ್ಟದಿದ್ರೆ ಷೇರು ಹೋಗುತ್ತೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ಅದು ತಪ್ಪಿದ್ರೆ ಮುಟ್ಟುಗೋಲೇ ನಿಲ್ಲಲ್ಲ." ಇಷ್ಟು ಹೇಳಿ ಬೋರ್ಡ್ ಒರೆಸಿದರು.

ಸಂಜೆ ಮನೆಗೆ ಹೋಗಿ ಅಪ್ಪನಿಗೆ ಇಡೀ ಲೆಕ್ಕ ಬರೆದು ತೋರಿಸಿದೆ. 8 ರೂಪಾಯಿ ಅನ್ನೋದು ಮೇಷ್ಟ್ರು ಇಟ್ಟುಕೊಂಡದ್ದು ಅಂತಲೂ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು ಡೆಬಿಟ್ಟು ಕ್ರೆಡಿಟ್ಟು ಎರಡೂ ಕಡೆ ಕೂಡಿ ನೋಡಿದರು. ತಾಳೆಯಾಯಿತು. "ಹೋಗಿದ್ದಕ್ಕೆ ಬೇಜಾರಿಲ್ಲ ಪುಟ್ಟಿ. ಎಲ್ಲಿಗೆ ಹೋಯ್ತು ಅಂತ ಗೊತ್ತಿರ್ಲಿಲ್ಲ, ಅದೇ ಕೊರೀತಿತ್ತು" ಅಂದರು. ಇಪ್ಪತ್ತು ವರ್ಷ ಬೇರೆಯವರ ಒಂದೊಂದು ರೂಪಾಯಿಗೂ ಲೆಕ್ಕ ಬರೆದವರು ಅವರು. ತನ್ನ 500 ರೂಪಾಯಿ ಯಾವ ಖಾತೆಯಲ್ಲಿ ಕೂತಿದೆ ಅಂತ ತಿಳಿಯದೆ ಇದ್ದದ್ದು ಅವರಿಗೆ ಎಷ್ಟು ಹಿಂಸೆಯಾಗಿರಬೇಕು ಅಂತ ನನಗೆ ಆವತ್ತು ಗೊತ್ತಾಯಿತು. ನಾನು ಸಿ.ಎ. ಮಾಡಬೇಕು ಅಂತ ತೀರ್ಮಾನ ಮಾಡಿದ್ದೂ ಅದೇ ರಾತ್ರಿ.

ಪ್ರೀಮಿಯಂ ಪಾಠಕ್ಕೆ ಮೇಷ್ಟ್ರು ತೆಗೆದುಕೊಂಡದ್ದು ಇನ್ಫೋಸಿಸ್. 1993ರ ಫೆಬ್ರವರಿಯಲ್ಲಿ 10 ರೂಪಾಯಿಯ ಷೇರನ್ನು 95ಕ್ಕೆ ಬಿಡುಗಡೆ ಮಾಡಿದ್ದರು. ಅಂದರೆ 85 ರೂಪಾಯಿ ಪ್ರೀಮಿಯಂ. ಆ ಇಶ್ಯೂ ಪೂರ್ತಿ ತುಂಬಿರಲಿಲ್ಲ, ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟಾನ್ಲಿ ಬಂದು ಒಂದು ಪಾಲು ತೆಗೆದುಕೊಂಡಿತು. ಅದಕ್ಕಿಂತ ಒಂದು ವರ್ಷ ಹಿಂದಿನವರೆಗೂ, ಅಂದರೆ 1992ರ ತನಕ, ಎಷ್ಟು ಪ್ರೀಮಿಯಂ ಹಾಕಬೇಕು ಅನ್ನುವುದಕ್ಕೆ ದೆಹಲಿಯಲ್ಲಿ ಕಂಟ್ರೋಲರ್ ಆಫ್ ಕ್ಯಾಪಿಟಲ್ ಇಶ್ಯೂಸ್ ಅಂತ ಒಬ್ಬ ಅಧಿಕಾರಿಯ ಒಪ್ಪಿಗೆ ಬೇಕಿತ್ತು. ಆ 85 ರೂಪಾಯಿ ಕಂಪನಿಗೆ ಬಂತು ನಿಜ, ಆದರೆ ಅದು ಸಂಪಾದನೆ ಅಲ್ಲ, ಡಿವಿಡೆಂಡ್ ಅಂತ ಹಂಚುವಂತಿಲ್ಲ. ಬೋನಸ್ ಷೇರು ಕೊಡಲು, ಷೇರು ಬಿಡುಗಡೆಯ ಖರ್ಚು ತೊಡೆದುಹಾಕಲು, ಡಿಬೆಂಚರ್ ಅನ್ನುವ ಸಾಲಪತ್ರದ ದುಡ್ಡು ವಾಪಸ್ ಕೊಡುವಾಗಿನ ಪ್ರೀಮಿಯಮ್ಮಿಗೆ, ಹೀಗೆ ಕಾಯ್ದೆ ಹೇಳಿದ ಕೆಲಸಗಳಿಗೆ ಮಾತ್ರ ಬಳಸಬಹುದು. ಆಗ 1956ರ ಕಂಪನಿ ಕಾಯ್ದೆಯ 78ನೇ ಸೆಕ್ಷನ್. ಈಗಿನ ಮಕ್ಕಳು 2013ರ ಕಾಯ್ದೆಯ 52 ಅಂತ ಬರೀಬೇಕು. ರಿಯಾಯಿತಿಯಲ್ಲಿ ಹೊಸ ಷೇರು ಬಿಡುಗಡೆ ಮಾಡುವ ಲೆಕ್ಕವನ್ನು ನಾವು ಪುಟಗಟ್ಟಲೆ ಮಾಡಿದ್ದೆವು, ಅದನ್ನು ಈಗ 53ನೇ ಸೆಕ್ಷನ್ ನಿಲ್ಲಿಸಿಬಿಟ್ಟಿದೆ, ನೌಕರರಿಗೆ ಕೊಡುವ ಸ್ವೆಟ್ ಈಕ್ವಿಟಿ ಷೇರಿನಂಥ ಕೆಲವನ್ನು ಬಿಟ್ಟು.

ಡಿಬೆಂಚರ್ ಪಾಠ ಬೇಗ ಮುಗಿಯಿತು, ಯಾಕೆಂದರೆ ಪ್ರಶ್ನೆಗೆ ಉತ್ತರ ಸುಲಭ. ಈ ದುಡ್ಡು ಯಾವತ್ತೂ ಕೊಟ್ಟವರದ್ದೇ. ಅದು ಸಾಲ. ಲಾಭ ಬರಲಿ ಬಿಡಲಿ ಬಡ್ಡಿ ಕೊಡಬೇಕು. ಕಷ್ಟ ಅನ್ನಿಸಿದ್ದು ಒಂದೇ ಎಂಟ್ರಿ. 100 ರೂಪಾಯಿಯ 1,000 ಡಿಬೆಂಚರ್, 95ಕ್ಕೆ ಬಿಡುಗಡೆ, ವಾಪಸ್ ಕೊಡುವಾಗ 105. ಕೈಗೆ ಬಂದದ್ದು 95,000, ಮುಂದೆ ಕೊಡಬೇಕಾದ್ದು 1,05,000. ನಡುವಿನ 10,000 ನಷ್ಟವನ್ನು ಬಿಡುಗಡೆಯ ದಿನವೇ ಒಪ್ಪಿಕೊಂಡು ಡೆಬಿಟ್ ಮಾಡಬೇಕು. ಕ್ರೆಡಿಟ್ ಕಡೆ ಡಿಬೆಂಚರ್ 1,00,000, ವಾಪಸಾತಿಯ ಪ್ರೀಮಿಯಂ 5,000. ಇನ್ನೂ ಕೊಡದ 5,000ವನ್ನು ಈಗಲೇ ಯಾಕೆ ಬರೀಬೇಕು ಅಂತ ಗೆಳತಿಯೊಬ್ಬಳು ಕೇಳಿದಳು. "ಮಾತು ಕೊಟ್ಟಾಯ್ತಲ್ಲ" ಅಂದರು ಮೇಷ್ಟ್ರು. ಆ ಎಂಟ್ರಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಈವರೆಗೆ ಎಲ್ಲೂ ಸಿಕ್ಕಿಲ್ಲ.

ಈಗ ನಾನು ಬೆಂಗಳೂರಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಆರ್ಟಿಕಲ್ಸ್‌ಗೆ (ಸಿ.ಎ. ತರಬೇತಿಗೆ) ಬರುವ ಮಕ್ಕಳು ಕಾಲ್, ಮುಟ್ಟುಗೋಲು ಎಲ್ಲ ಪರೀಕ್ಷೆಗೆ ಮಾತ್ರ, ನಿಜ ಜೀವನದಲ್ಲಿ ಎಲ್ಲಿದೆ ಮೇಡಂ ಅಂತಾರೆ. ಅವರಿಗೆ ನಾನು 2020ರ ರಿಲಯನ್ಸ್ ರೈಟ್ಸ್ ಇಶ್ಯೂ, ಅಂದರೆ ಇದ್ದ ಷೇರುದಾರರಿಗೇ ಹೊಸ ಷೇರು ಕೊಟ್ಟದ್ದನ್ನು, ತೋರಿಸುತ್ತೇನೆ. ಷೇರಿಗೆ 1,257 ರೂಪಾಯಿ. ಅರ್ಜಿ ಜೊತೆ 314.25, 2021ರ ಮೇ ತಿಂಗಳಲ್ಲಿ ಮೊದಲ ಕಾಲ್ 314.25, ನವೆಂಬರಿನಲ್ಲಿ ಕೊನೆಯ ಕಾಲ್ 628.50. ನಮ್ಮ ಎರಡನೇ ವರ್ಷದ ಪುಸ್ತಕದ ಲೆಕ್ಕವೇ, ಅಂಕಿ ದೊಡ್ಡದು ಅಷ್ಟೇ.

ಕಳೆದ ಸಲ ಊರಿಗೆ ಹೋದಾಗ ಮೇಷ್ಟ್ರ ಮನೆಗೆ ಹೋಗಿದ್ದೆ. ನಿವೃತ್ತರಾಗಿ ತುಂಬಾ ವರ್ಷ ಆಯಿತು, ಕಿವಿ ಸ್ವಲ್ಪ ಮಂದ. ಈಗ ಅರ್ಜಿ ಹಣ ಕಂಪನಿ ಕಡೆ ಹೋಗುವುದೇ ಇಲ್ಲ ಸಾರ್, 2008ರಲ್ಲಿ ಆಸ್ಬಾ ಅಂತ ಬಂತು, 2016ರಿಂದ ಪಬ್ಲಿಕ್ ಇಶ್ಯೂಗೆ ಎಲ್ಲರಿಗೂ ಅದೇ ಕಡ್ಡಾಯ, ಷೇರು ಸಿಗುವವರೆಗೆ ದುಡ್ಡು ನಮ್ಮ ಖಾತೆಯಲ್ಲೇ ಇರುತ್ತೆ, ಬ್ಯಾಂಕ್ ಸುಮ್ನೆ ತಡೆಹಿಡಿದಿರುತ್ತೆ ಅಷ್ಟೇ, ಬಡ್ಡಿನೂ ನಮಗೇ ಅಂತ ಜೋರಾಗಿ ಹೇಳಿದೆ. ಅವರ ಮುಖ ಅರಳಿತು. "ಕೊಬ್ಬರಿ ರೈತನ ಮನೆಯಲ್ಲೇ ಇದ್ದ ಹಾಗಾಯ್ತಲ್ಲಮ್ಮ!"

ರಿಲಯನ್ಸ್ ವಿಷಯವನ್ನೂ ಹೇಳಿದೆ. ಪೇಪರ್ ಪೆನ್ನು ತರಿಸಿಕೊಂಡು 314.25ನ್ನು ಒಡೆದರು, ಬಂಡವಾಳ 2.50, ಪ್ರೀಮಿಯಂ 311.75. ಎರಡು ಗೆರೆ ಎಳೆದರು. ಸ್ವಲ್ಪ ಹೊತ್ತು ಕಾಗದ ನೋಡುತ್ತಾ ಕೂತು, ಆಮೇಲೆ ತಲೆಯೆತ್ತಿ ಕೇಳಿದರು. "ಕಾಲ್ ಕಟ್ಟೋಕಾಗದೆ ಇದ್ದೋರಿಗೆ ನೋಟಿಸು ಅವರಿಗೆ ಅರ್ಥ ಆಗೋ ಭಾಷೆಲಿ ಕಳಿಸ್ತಾರಾ ಈಗ?"

ಪಂಚಾಂಗದೊಳಗಿನ ಆ ಇಂಗ್ಲಿಷ್ ಕಾಗದವನ್ನು ಅವರು ಮರೆತಿರಲಿಲ್ಲ.