ಅಳಿಯನ ಊರಿಗೆ ನಡೆದು ಹೋದದ್ದು

31 ವರ್ಷ ನಾನು ಬಸ್ ಓಡಿಸಿದೆ. ಅದರಲ್ಲಿ ಎಷ್ಟೋ ವರ್ಷ ಯುಗಾದಿಯ ಮುಂಚಿನ ವಾರ ಶ್ರೀಶೈಲದ ಸ್ಪೆಷಲ್ ಬಸ್ಸಿಗೇ ನನ್ನ ಡ್ಯೂಟಿ. ರಾತ್ರಿ ಎರಡು ಗಂಟೆಗೆ ರಾಯಚೂರು ದಾಟಿ ಹೋಗುವಾಗ ಹೆಡ್‌ಲೈಟಿನ ಬೆಳಕಿಗೆ ರಸ್ತೆ ಪಕ್ಕ ಸಾಲು ಸಾಲು ಜನ ಕಾಣುತ್ತಿದ್ದರು. ತಲೆ ಮೇಲೆ ಗಂಟು, ಹೆಗಲ ಮೇಲೆ ಕಂಬಿ ಅನ್ನುವ ದೇವರ ಕಾವಡಿ, ಕೆಲವರು ಬರಿಗಾಲಲ್ಲಿ, ಅಲ್ಲೊಬ್ಬ ಇಲ್ಲೊಬ್ಬ ಮರಗಾಲು ಕಟ್ಟಿಕೊಂಡು ನಡೆಯುವವನು. ನಾನು ಹಾರ್ನ್ ಹೊಡೆಯುತ್ತಿದ್ದೆ. ಭಕ್ತಿಯಿಂದಲ್ಲ, ಸಿಟ್ಟಿನಿಂದ. ಬಸ್ಸು ಇದೆ, ಸೀಟೂ ಖಾಲಿ ಇದೆ, ಇವರಿಗೇನಾಗಿದೆ ರಸ್ತೆ ತುಂಬ ನಡೆಯೋದಕ್ಕೆ ಅಂತ.

ಹೋದ ಯುಗಾದಿಗೆ ಆ ಸಾಲಿನಲ್ಲಿ ನಾನೂ ಇದ್ದೆ. ವಯಸ್ಸು 64.

ಏನಾದರೂ ಹರಕೆ ಇತ್ತಾ ಅಂತ ಎಲ್ಲರೂ ಕೇಳಿದರು. ಇರಲಿಲ್ಲ. ರಿಟೈರ್ ಆದ ಮೇಲೆ ಕಟ್ಟೆ ಮೇಲೆ ಕೂತು ಕೂತು ಸಾಕಾಗಿತ್ತು, ಅಷ್ಟೇ. ಮೊಣಕಾಲು ನೋಡಿದ ಡಾಕ್ಟರು ಬೇಡ ಅಂದರು. ಮಗ ಕಾರಿನಲ್ಲಿ ಕರ್ಕೊಂಡು ಹೋಗ್ತೀನಿ ಅಂದ. ನಮ್ಮ ಮನೆಯವಳು ಮಾತ್ರ ಏನೂ ಅನ್ನದೆ ಒಂದು ಇಳಕಲ್ ಸೀರೆ ತಂದು ನನ್ನ ಚೀಲದಲ್ಲಿಟ್ಟಳು. ನಮ್ಮ ಕಡೆಯವರ ಲೆಕ್ಕದಲ್ಲಿ ಶ್ರೀಶೈಲದ ಭ್ರಮರಾಂಬೆ ನಮ್ಮ ಮನೆ ಮಗಳು, ಮಲ್ಲಯ್ಯ, ಅಂದರೆ ಮಲ್ಲಿಕಾರ್ಜುನ, ಅಳಿಯ. ಜಗತ್ತಿಗೆ ಅವನು ಜ್ಯೋತಿರ್ಲಿಂಗ ಇರಬಹುದು, ನಮಗೆ ಬೀಗತನ. ಯುಗಾದಿಗೆ ಮಗಳ ಮನೆಗೆ ಬರಿಗೈಲಿ ಹೋಗ್ತಾರಾ?

ಹೋಳಿ ಹುಣ್ಣಿಮೆಯ ಮರುದಿನ ಇಳಕಲ್ಲಿನಿಂದ ಹೊರಟೆವು. ನಮ್ಮ ತಂಡದಲ್ಲಿ ಹದಿನಾರು ಜನ. ಲಿಂಗಸುಗೂರು, ಕವಿತಾಳ, ಸಿರವಾರ, ರಾಯಚೂರು. ಅಲ್ಲಿಂದ ಮಂತ್ರಾಲಯ, ಎಮ್ಮಿಗನೂರು, ಕೋಡುಮೂರು, ಕರ್ನೂಲು. ಆಮೇಲೆ ನಂದಿಕೊಟ್ಕೂರು, ಆತ್ಮಕೂರು, ಅದು ದಾಟಿದರೆ ನಲ್ಲಮಲೆಯ ಕಾಡು. ಒಟ್ಟು 350 ಕಿಲೋಮೀಟರಿನ ಮೇಲಾಗುತ್ತದೆ. ನಾವು 12 ದಿನ ಹಿಡಿದೆವು. ಬೆಳಗಿನ ಜಾವ ಮೂರಕ್ಕೆ ಎದ್ದು ಹತ್ತರವರೆಗೆ ನಡೆಯೋದು, ಮರದ ನೆರಳೋ ಗುಡಿಯೋ ಸಿಕ್ಕಲ್ಲಿ ಬಿದ್ದುಕೊಳ್ಳೋದು, ಬಿಸಿಲು ಇಳಿದ ಮೇಲೆ ಮತ್ತೆ ನಡೆಯೋದು. ರಾಯಚೂರಿನ ಮಾರ್ಚ್ ಬಿಸಿಲು ಹೇಗಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ. ಹೋಗುವ ಆಸೆ ಇದ್ದವರು ಇದೊಂದು ಕೇಳಿ: ಹೊಸ ಬೂಟು ಹಾಕಿಕೊಂಡು ಹೊರಡಬೇಡಿ. ನಾನು ಅದೇ ತಪ್ಪು ಮಾಡಿದೆ.

ನನ್ನ ಒಂದು ಒಣ ಜಂಬ ಹೇಳಿಬಿಡುತ್ತೇನೆ. ನಾನು ಯಾರ ಹಂಗಿನಲ್ಲೂ ಇದ್ದವನಲ್ಲ. ಡ್ಯೂಟಿ ಮೇಲೆ ಹೋಟೆಲಿನವರು ಡ್ರೈವರಿಗೆ ಪುಕ್ಕಟೆ ಊಟ ಕೊಡುವ ಕಡೆ ಕೂಡ ದುಡ್ಡು ಕೊಟ್ಟೇ ಏಳುತ್ತಿದ್ದೆ. ಅದೇ ಲೆಕ್ಕದಲ್ಲಿ ಆರು ಸಾವಿರ ರೂಪಾಯಿ ಒಳಜೇಬಿನಲ್ಲಿಟ್ಟುಕೊಂಡು ಹೊರಟಿದ್ದೆ.

ಲಿಂಗಸುಗೂರು ದಾಟಿ ಸ್ವಲ್ಪ ದೂರ, ರಸ್ತೆ ಪಕ್ಕ ಒಂದು ಶಾಮಿಯಾನ. ದಾಸೋಹ. ಖಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು. ಬಡಿಸುತ್ತಿದ್ದ ಅಜ್ಜಿಗೆ ನನಗಿಂತ ಹತ್ತು ವರ್ಷ ಜಾಸ್ತಿಯೇ ಇರಬೇಕು. ಉಂಡು ಎದ್ದವನು ನೂರರ ನೋಟು ಚಾಚಿದೆ. ಅಜ್ಜಿ ನೋಟು ನೋಡಲಿಲ್ಲ, ನನ್ನ ಮುಖ ನೋಡಿದಳು. "ಯಪ್ಪಾ, ಉಣ್ಣಾಕ ಬಂದೀಯೋ, ಲೆಕ್ಕಾ ಚುಕ್ತಾ ಮಾಡಾಕ ಬಂದೀಯೋ?" ಸುತ್ತ ಇದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಎರಡು ಕಿಲೋಮೀಟರು ಯಾರ ಜೊತೆಗೂ ಮಾತಾಡದೆ ನಡೆದೆ.

ಅವತ್ತಿನಿಂದ ದಾರಿಯುದ್ದಕ್ಕೂ ಅದೇ ಕಥೆ. ಹೊಲದ ಬದುವಿನಲ್ಲಿ ಮಜ್ಜಿಗೆ ಕೊಡ ಇಟ್ಟುಕೊಂಡು ಕಾಯುವ ಹೆಂಗಸರು, ಟ್ರ್ಯಾಕ್ಟರ್ ನಿಲ್ಲಿಸಿ ಕಲ್ಲಂಗಡಿ ಕೊಯ್ದು ಕೊಡುವ ಹುಡುಗರು, ಚಹಾ ಕುಡಿಸಿ ಕಾಸು ಬೇಡ ಅನ್ನುವ ಗೂಡಂಗಡಿಯವನು. ಆ ಅಂಗಡಿಯವನ ಅಂಗಿ ನನ್ನ ಅಂಗಿಗಿಂತ ಹರಿದಿತ್ತು. ಕೈಯೊಡ್ಡುವಾಗ ಪ್ರತಿ ಸಲ ನನ್ನ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. 31 ವರ್ಷ ಸ್ಟೀರಿಂಗ್ ಹಿಡಿದ ಕೈ, ಅಂಗೈ ಮೇಲೆ ಮಾಡಿ ಹಿಡಿಯೋದು ಅದಕ್ಕೆ ಅಭ್ಯಾಸವೇ ಇರಲಿಲ್ಲ.

ಸಿರವಾರದ ಹತ್ತಿರ ಒಂದು ಶಾಲೆಯ ಕಟ್ಟೆ ಮೇಲೆ ಮಲಗಿದ್ದ ರಾತ್ರಿ, ನಮ್ಮ ಕಂಬಿ ಹೊರುವ ಅಜ್ಜ ಸಿದ್ಧರಾಮನ ಕಥೆ ತೆಗೆದ. ಸೊನ್ನಲಿಗೆಯ, ಅಂದರೆ ಈಗಿನ ಸೊಲ್ಲಾಪುರದ ಹುಡುಗ. ದನ ಕಾಯುತ್ತಾ ಹೊಲದಲ್ಲಿದ್ದಾಗ ಒಬ್ಬ ಜಂಗಮ ಬಂದು ಹಸಿವು ಅಂತಾನೆ. ಹುಡುಗ ತೆನೆ ಸುಟ್ಟು ಕೊಡುತ್ತಾನೆ. ತಿಂದವನು, ಹೊಟ್ಟೆ ಉರಿಯುತ್ತಿದೆ, ಮಜ್ಜಿಗೆ ಅನ್ನ ಬೇಕು ಅಂತಾನೆ. ಹುಡುಗ ಮನೆಗೆ ಓಡಿ ಕಲಸಿಕೊಂಡು ಬರುವಷ್ಟರಲ್ಲಿ ಅಲ್ಲಿ ಯಾರೂ ಇಲ್ಲ. "ಮಲ್ಲಯ್ಯಾ, ಮಲ್ಲಯ್ಯಾ" ಅಂತ ಅಳುತ್ತಾ ಓಡುವಾಗ ದಾರಿಯಲ್ಲಿ ಶ್ರೀಶೈಲಕ್ಕೆ ಹೊರಟ ಜಂಗಮರು ಸಿಗುತ್ತಾರೆ, ನಿನ್ನ ಮಲ್ಲಯ್ಯನನ್ನು ನಾವು ತೋರಿಸ್ತೀವಿ ಬಾ ಅಂತ ಕರೆದುಕೊಂಡು ಹೋಗುತ್ತಾರೆ, ಅಷ್ಟು ದೂರ ನಡೆಸಿ ಕೊನೆಗೆ ಗುಡಿಯೊಳಗಿನ ಲಿಂಗ ತೋರಿಸಿ ಇವನೇ ನೋಡು ಅನ್ನುತ್ತಾರೆ. ಹುಡುಗ ಒಪ್ಪಲಿಲ್ಲ. ಇವನಲ್ಲ, ನನ್ನ ಹತ್ತಿರ ಮಜ್ಜಿಗೆ ಅನ್ನ ಕೇಳಿದವನು ಬೇಕು ಅಂತ ಕಾಡಿನಲ್ಲಿ ಹುಡುಕಿ ಹುಡುಕಿ, ಕಾಣದೆ ಕೊಳ್ಳಕ್ಕೆ ಹಾರೋಕೆ ಹೋದಾಗ ಮಲ್ಲಯ್ಯ ಬಂದು ಹಿಡಿದ.

ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಅವತ್ತು ನಿದ್ದೆ ಬರಲಿಲ್ಲ. ದೇವರಾದವನು ದನ ಕಾಯುವ ಹುಡುಗನ ಮುಂದೆ ಕೈಯೊಡ್ಡಿದ. ಒಂದು ಸಲ ಅಲ್ಲ, ಎರಡು ಸಲ. ಅವನಿಗಿಲ್ಲದ ಮರ್ಯಾದೆ ಈ ಡ್ರೈವರಿಗೆ ಎಲ್ಲಿಂದ ಬಂತು ಅಂತ ಮಗ್ಗುಲು ಬದಲಿಸುತ್ತಾ ಇದ್ದೆ. ಸೊಳ್ಳೆಯೂ ಬಹಳ ಇದ್ದವು ಅನ್ನಿ.

ಮಂತ್ರಾಲಯದಲ್ಲಿ ತುಂಗಭದ್ರೆಗಿಳಿದು ಬೂಟು ಬಿಚ್ಚಿದರೆ ಎರಡೂ ಹಿಮ್ಮಡಿಯಲ್ಲಿ ಗುಳ್ಳೆ. ಕೋಡುಮೂರಿಗೆ ಬರುವಷ್ಟರಲ್ಲಿ ಕುಂಟುತ್ತಿದ್ದೆ. ಅಲ್ಲಿ ಕೆಲವು ಹುಡುಗರು ಬಿಸಿನೀರು, ಕೊಬ್ಬರಿ ಎಣ್ಣೆ, ಮುಲಾಮು ಇಟ್ಟುಕೊಂಡು ಕೂತಿದ್ದರು. ಕಾಲೇಜು ಓದುವ ವಯಸ್ಸಿನ ಒಬ್ಬ ನನ್ನ ಕಾಲನ್ನು ತೊಡೆ ಮೇಲಿಟ್ಟುಕೊಂಡ. ನಾನು ಎಳೆದುಕೊಂಡೆ. ನಿನ್ನಷ್ಟು ವಯಸ್ಸಿನ ಮೊಮ್ಮಗ ಇರಬೇಕಿತ್ತು ನನಗೆ, ನನ್ನ ಕಾಲು ಮುಟ್ಟಬೇಡಪ್ಪಾ ಅಂತ ಕನ್ನಡದಲ್ಲೇ ಅಂದೆ. ಅವನಿಗೆ ಎಷ್ಟು ತಿಳಿಯಿತೋ, ಕಾಲು ಬಿಡಲಿಲ್ಲ. "ಮೀಕು ಕಾದು ಸ್ವಾಮೀ, ಮಲ್ಲನ್ನಕಿ" ಅಂದ. ನಿಮಗಲ್ಲ, ಮಲ್ಲಯ್ಯನಿಗೆ ಅಂತ. ಅಂದರೆ ಆ ಸೇವೆಯಲ್ಲಿ ನಾನು ಲೆಕ್ಕಕ್ಕೇ ಇರಲಿಲ್ಲ! ನಾನು ಸುಮ್ನೆ ಯಾರ ಕಾಲು ಯಾರ ಹಂಗು ಅಂತ ಒದ್ದಾಡುತ್ತಿದ್ದೆ. ಅವನು ಸೂಜಿ ದಾರ ಹಾಕಿ ಗುಳ್ಳೆಯ ನೀರು ತೆಗೆದು ಬಟ್ಟೆ ಕಟ್ಟಿದ. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಬೂಟು ಅಲ್ಲೇ ಬಿಟ್ಟು, ಅವರೇ ಕೊಟ್ಟ ಹವಾಯಿ ಚಪ್ಪಲಿ ಹಾಕಿಕೊಂಡು ಮುಂದೆ ಹೊರಟೆ.

ಕಾಡಿನ ದಾರಿ ಬಗ್ಗೆ ಬರೆದರೆ ಮುಗಿಯಲ್ಲ. ವೆಂಕಟಾಪುರದಿಂದ ಒಳಗೆ ಹೊಕ್ಕರೆ ನಾಗಲೂಟಿಯ ವೀರಭದ್ರ, ಅಲ್ಲಿಂದ ಪೆದ್ದಚೆರುವು. ಇದು ಹುಲಿ ಇರುವ ಕಾಡು, ಉಳಿದ ದಿನ ಹೀಗೆ ನುಗ್ಗೋಕೆ ಬಿಡೋದಿಲ್ಲ. ಶಿವರಾತ್ರಿಗೆ ತೆಲುಗರು, ಯುಗಾದಿಗೆ ನಾವು. ಪೆದ್ದಚೆರುವಿನ ರಾತ್ರಿ ಮಾತ್ರ ಮರೆಯೋಕಾಗಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಸಾವಿರಾರು ಜನ ಮಣ್ಣಿನ ಮೇಲೆ, ಒಂದು ಕಡೆ ಭಜನೆ, ಒಂದು ಕಡೆ ಗೊರಕೆ, ಎಲ್ಲೋ ಒಬ್ಬ "ಮಲ್ಲಯ್ಯ ಉಘೇ" ಅಂದರೆ ನಿದ್ದೆಗಣ್ಣಲ್ಲೇ ಹತ್ತಾರು ಜನ "ಉಘೇ ಉಘೇ" ಅನ್ನೋದು.

ಮರುದಿನ ಭೀಮನ ಕೊಳ್ಳ. ಹತ್ತೋದು ಕಷ್ಟ ಅಂತ ಎಲ್ಲರೂ ಹೇಳಿದ್ದರು. ಇಳಿಯೋದು ಅದಕ್ಕಿಂತ ಕಷ್ಟ ಅಂತ ಯಾರೂ ಹೇಳಿರಲಿಲ್ಲ. ಒಂದೊಂದು ಮೆಟ್ಟಿಲಿಗೂ ಮೊಣಕಾಲು ಚುಳ್ ಅನ್ನುತ್ತಿತ್ತು. ಕೆಳಗೆ ಮುಟ್ಟಿ ತಲೆಯೆತ್ತಿದರೆ ಎದುರಿಗೆ ಮತ್ತೆ ಕಡಿದಾದ ಮೆಟ್ಟಿಲು, ಕೈಲಾಸ ದ್ವಾರದವರೆಗೂ. ನಲವತ್ತೋ ಐವತ್ತೋ ಮೆಟ್ಟಿಲಾದ ಮೇಲೆ ಕೂತುಬಿಟ್ಟೆ. ಹಿಂದಿನಿಂದ ಬಂದ ಒಬ್ಬ ಹೆಣ್ಣುಮಗಳು, ಯಾವ ಊರಿನವಳೋ, ಕೇಳದೆಯೇ ನನ್ನ ಚೀಲ ಎತ್ತಿ ತನ್ನ ಗಂಟಿನ ಮೇಲಿಟ್ಟುಕೊಂಡಳು. "ಏಳ್ರಿ ಕಾಕಾ" ಅಂದಳು. ನಾನು ಬೇಡ ಅನ್ನಲಿಲ್ಲ. "ಸೀರಿ ಐತಿ ಅದರಾಗ, ಅವ್ವಗ" ಅಂದೆ ಅಷ್ಟೇ. ಮೇಲೆ ಮುಟ್ಟಿದಾಗ ಚೀಲ ಕೈಗಿಟ್ಟು ಜನರಲ್ಲಿ ಬೆರೆತು ಹೋದಳು.

ಗುಡಿಯಲ್ಲಿ ಆಗಲೇ ವಿಪರೀತ ಗದ್ದಲ. ಗದ್ದಲ ಕಡಿಮೆ ಇರುವ ದಿನಗಳಲ್ಲಿ ಶ್ರೀಶೈಲದಲ್ಲಿ ಲಿಂಗಕ್ಕೆ ಹಣೆ ಮುಟ್ಟಿಸೋಕೆ ಬಿಡುವುದುಂಟು. ಅವತ್ತು ಅದು ನಿಂತಿತ್ತು, ದೂರದಿಂದಲೇ ನೋಡಬೇಕು. 12 ದಿನ ನಡೆದು, ಐದು ತಾಸು ಸಾಲಿನಲ್ಲಿ ನಿಂತು, ಹತ್ತು ಸೆಕೆಂಡು ಸಿಕ್ಕಿತು. ಹೂವು ಕಂಡಿತು, ದೀಪ ಕಂಡಿತು, ಮುಂದಿದ್ದವನ ತಲೆ ಚೆನ್ನಾಗಿ ಕಂಡಿತು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಾಗ ಆ ಸೊನ್ನಲಿಗೆಯ ಹುಡುಗ ಹಟ ಹಿಡಿದದ್ದು ನೆನಪಾಯಿತು. ಲಿಂಗ ಕಣ್ಣೆದುರೇ ಇದ್ದರೂ ಒಪ್ಪದವನು. ಹಿಂದಿನ ಅಮ್ಮನ ಗುಡಿಗೆ ಹೋಗಿ ಸೀರೆ ಒಪ್ಪಿಸಿದೆ. ಚೀಲ ಹಗುರಾಯಿತು.

ಬರುವಾಗ ಬಸ್ಸು. ಡ್ರೈವರ್ ಹಿಂದಿನ ಸೀಟೇ ಸಿಕ್ಕಿತು. ಒಳಜೇಬಿನಲ್ಲಿ ಐದು ಸಾವಿರಕ್ಕಿಂತ ಜಾಸ್ತಿ ಹಾಗೇ ಉಳಿದಿತ್ತು. ಆತ್ಮಕೂರು ದಾಟಿದ ಮೇಲೆ ಕತ್ತಲಾಯಿತು. ತಡವಾಗಿ ಹೊರಟ ತಂಡಗಳು ಇನ್ನೂ ಎದುರಿಗೆ ಬರುತ್ತಿದ್ದವು. ಡ್ರೈವರ್ ಹುಡುಗ ಬಿಡದೆ ಹಾರ್ನ್ ಒತ್ತುತ್ತಿದ್ದ. ತಡೆಯಲಾಗದೆ, "ತಮ್ಮಾ, ಹಾರ್ನ್ ಬ್ಯಾಡೋ, ಅವರಿಗೆ ಲೈಟ್ ಕಾಣ್ತದ" ಅಂದೆ.

ಅವನು ಕನ್ನಡಿಯಲ್ಲೇ ನನ್ನ ಗಡ್ಡ, ಹವಾಯಿ ಚಪ್ಪಲಿ ಎಲ್ಲ ನೋಡಿದ. "ಗಾಡಿ ಹೊಡ್ಯಾಕ ಬರ್ತದನು ಅಜ್ಜಾರ ನಿಮಗ?"

"ಸ್ವಲ್ಪ ಸ್ವಲ್ಪ ಬರ್ತದಪಾ" ಅಂದೆ.

ನಕ್ಕ. ಮುಂದಿನ ತಂಡ ಬಂದಾಗ ಲೈಟು ಡಿಮ್ ಮಾಡಿ ನಿಧಾನಕ್ಕೆ ದಾಟಿಸಿದ.