ಸಾಲಿನ ಸಂಖ್ಯೆಗೆ ಎರಡು ಕೂಡಿಸಿ: ಓರೆ ತ್ರಿಕೋನದ ಕ್ರೋಶಾ ಶಾಲು

ಸೀರೆಗೆ ಕ್ರೋಶಾ ಕುಚ್ಚು ಹಾಕಲು ಬರುವವರಿಗೆ ಈ ಶಾಲಿಗೆ ಬೇಕಾದ ಹೆಣಿಗೆಯೆಲ್ಲ ಆಗಲೇ ಗೊತ್ತಿರುತ್ತದೆ. ಚೈನ್, ಸಿಂಗಲ್ ಕ್ರೋಶಾ, ಡಬಲ್ ಕ್ರೋಶಾ, ಅಷ್ಟೇ. ಬದಲಾಗಬೇಕಾದದ್ದು ಕೈಯ ಬಿಗಿ. ಕುಚ್ಚು ಹಾಕುವಾಗ ರೇಷ್ಮೆ ದಾರ ಜಾರಬಾರದು, ಮಣಿ ಅಲುಗಾಡಬಾರದು ಎಂದು ಎಳೆದೆಳೆದು ಹಾಕುತ್ತೇವೆ. ಅದೇ ಕೈಯಲ್ಲಿ ಶಾಲು ಹಾಕಿದರೆ ಅದು ಹೆಗಲ ಮೇಲೆ ಇಳಿಬೀಳುವುದಿಲ್ಲ, ರಟ್ಟಿನ ಹಾಗೆ ಸೆಟೆದು ನಿಲ್ಲುತ್ತದೆ.

ಆಕಾರವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಚೂಪಾದ ಒಂದು ತುದಿಯಲ್ಲಿ ಮೂರೇ ಕಂಬಗಳಿಂದ ಶುರು. ಒಂದು ಅಂಚು ನೇರವಾಗಿ ಹೋಗುತ್ತದೆ, ಇನ್ನೊಂದು ಅಂಚಿನಲ್ಲಿ ಪ್ರತಿ ಸಾಲಿಗೂ ಒಂದು ಕಂಬ ಹೆಚ್ಚುತ್ತದೆ. ಮೊದಲನೆಯದನ್ನು ನೇರ ಅಂಚು, ಎರಡನೆಯದನ್ನು ಏರು ಅಂಚು ಎಂದು ಕರೆಯುತ್ತೇನೆ. ಡಬಲ್ ಕ್ರೋಶಾ ನಿಂತ ಕಂಬದ ಹಾಗೆ ಕಾಣುವುದರಿಂದ ಅದನ್ನು ಕಂಬ ಎಂದೇ ಬರೆಯುತ್ತೇನೆ. ನಡುವಿನಿಂದ ಎರಡೂ ಕಡೆ ಬೆಳೆಯುವ ಸಮ ತ್ರಿಕೋನಕ್ಕಿಂತ ಹೊಸಬರಿಗೆ ಇದೇ ಸುಲಭ, ಏಕೆಂದರೆ ಹೆಚ್ಚಿಸುವ ಜಾಗ ಒಂದೇ. ದಾರ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಲ್ಲಿಸಿದರೂ ಶಾಲು ಶಾಲೇ.

ಹೆಸರಿನ ಗೊಂದಲವೊಂದನ್ನು ಇಲ್ಲೇ ಬಗೆಹರಿಸಿಕೊಳ್ಳೋಣ. ಅಮೆರಿಕದವರು ಡಬಲ್ ಎನ್ನುವುದನ್ನು ಬ್ರಿಟಿಷರು ಟ್ರೆಬಲ್ ಎನ್ನುತ್ತಾರೆ. ಅಮೆರಿಕದ ಸಿಂಗಲ್ ಬ್ರಿಟಿಷರಿಗೆ ಡಬಲ್. ಯಾವುದಾದರೂ ಮಾದರಿಯಲ್ಲಿ ಸಿಂಗಲ್ ಎಂಬ ಪದ ಕಂಡರೆ ಅದು ಅಮೆರಿಕದ ಪದ್ಧತಿ ಎಂದು ತಿಳಿಯಿರಿ, ಬ್ರಿಟಿಷ್ ಪದ್ಧತಿಯಲ್ಲಿ ಆ ಪದವೇ ಇಲ್ಲ. ನಾನು ಬರೆಯುತ್ತಿರುವುದು ಅಮೆರಿಕದ ಹೆಸರುಗಳಲ್ಲಿ.

ದಾರ, ಕಡ್ಡಿ

ಡಿಕೆ (ಡಬಲ್ ನಿಟಿಂಗ್) ಎನ್ನುವ ಮಧ್ಯಮ ದಪ್ಪದ ದಾರ ತೆಗೆದುಕೊಳ್ಳಿ. 100 ಗ್ರಾಂಗೆ ಸುಮಾರು 220ರಿಂದ 250 ಮೀಟರ್ ಬರುವಂಥದ್ದು. ಒಟ್ಟು 250 ಗ್ರಾಂ ಇದ್ದರೆ 110 ಸಾಲಿನ ಶಾಲು, ಸುತ್ತ ಅಂಚುಪಟ್ಟಿ, ಎರಡೂ ಆಗುತ್ತವೆ. ಲೇಬಲ್ ಮೇಲೆ ತೂಕಕ್ಕಿಂತ ಮೀಟರ್ ನೋಡಿ: ಹತ್ತಿ ದಾರ ಭಾರ, ಅಕ್ರಿಲಿಕ್ ಹಗುರ, ಅದೇ 100 ಗ್ರಾಂನಲ್ಲಿ ಹತ್ತಿಯ ಉದ್ದ ಕಡಿಮೆ ಇರುತ್ತದೆ. ಎಲ್ಲ ಉಂಡೆಗಳ ಲಾಟ್ ನಂಬರ್ ಒಂದೇ ಇರಲಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಎರಡು ಲಾಟ್‌ಗಳು ಬಿಸಿಲಿನಲ್ಲಿ ಪಟ್ಟೆಯಾಗಿ ಎದ್ದು ಕಾಣುತ್ತವೆ.

ಬೆಂಗಳೂರು, ಮೈಸೂರಿನ ಚಳಿಗೆ ಹತ್ತಿ ಮತ್ತು ಅಕ್ರಿಲಿಕ್ ಬೆರೆತ ದಾರ ಸಾಕು. ಕೊಡಗು, ಚಿಕ್ಕಮಗಳೂರಿನ ಚಳಿಗೆ ಉಣ್ಣೆ ಬೆರೆತದ್ದು ಒಳ್ಳೆಯದು. ಕಂಬಳಿ ನೇಯುವ ನಮ್ಮ ದಕ್ಕನಿ ಕುರಿಯ ಉಣ್ಣೆ ಒರಟು. ಹೊದಿಕೆಗೆ ಅದಕ್ಕೆ ಸಾಟಿಯಿಲ್ಲ, ಆದರೆ ಕುತ್ತಿಗೆಗೆ ತಾಗುವ ಶಾಲಿಗೆ ಅದು ಹೊಂದುವುದಿಲ್ಲ.

ಲೇಬಲ್ 4 ಮಿ.ಮೀ. ಕಡ್ಡಿ ಎಂದರೆ 5 ತೆಗೆದುಕೊಳ್ಳಿ. ಕುಚ್ಚಿನ ಕೈಯವರು 5.5. ಕಂಬದ ಎತ್ತರ ನಿರ್ಧಾರವಾಗುವುದು ಮೊದಲ ಎಳೆತದಲ್ಲಿ: ಕಡ್ಡಿಗೆ ದಾರ ಒಂದು ಸುತ್ತು ಸುತ್ತಿ, ಕೆಳಗಿನ ಕಂಬದ ತಲೆಯ ಎರಡೂ ಎಳೆಗಳಡಿ ತೂರಿಸಿ, ದಾರ ಹಿಡಿದು ಮೇಲಕ್ಕೆ ತರುತ್ತೀರಲ್ಲ, ಆ ಕುಣಿಕೆಯನ್ನು ಒಂದು ಸೆಂ.ಮೀ. ಹತ್ತಿರ ಎತ್ತಿ. ಆಮೇಲೆ ಎರಡೆರಡು ಕುಣಿಕೆಯಿಂದ ಎರಡು ಸಲ ದಾರ ಹೊರಗೆ ಎಳೆದರೆ ಕಂಬ ಮುಗಿಯಿತು. ಕೈ ಬಿಗಿ ಇರುವವರು ಈ ಮೊದಲ ಕುಣಿಕೆಯನ್ನು ಕುಗ್ಗಿಸಿಬಿಡುತ್ತಾರೆ, ಕಂಬ ಗಿಡ್ಡವಾಗುತ್ತದೆ. ಕಡ್ಡಿ ಎಷ್ಟು ದಪ್ಪ ಮಾಡಿದರೂ ಈ ದೋಷ ಪೂರ್ತಿ ಹೋಗುವುದಿಲ್ಲ.

ಸಾಲುಗಳು

ಸಾಲು 1: ನಾಲ್ಕು ಚೈನ್ ಹಾಕಿ. ಕಡ್ಡಿಯಿಂದ ನಾಲ್ಕನೆಯ ಚೈನಿನಲ್ಲಿ, ಅಂದರೆ ಮೊಟ್ಟಮೊದಲು ಹಾಕಿದ ಚೈನಿನಲ್ಲಿ, ಎರಡು ಕಂಬ. ಬಿಟ್ಟ ಮೂರು ಚೈನನ್ನೂ ಒಂದು ಕಂಬವೆಂದು ಎಣಿಸಿ. ಒಟ್ಟು 3.

ಸಾಲು 2: ತಿರುಗಿಸಿ, ಮೂರು ಚೈನ್, ಇದೇ ಮೊದಲ ಕಂಬ. ಮುಂದಿನ ಕಂಬದಲ್ಲಿ ಒಂದು, ಕೊನೆಯದರಲ್ಲಿ ಎರಡು. ಒಟ್ಟು 4. ಈ ಎರಡು ಹಾಕಿದ ಕಡೆಯೇ ಏರು ಅಂಚು. ಈಗಲೇ ಅಲ್ಲೊಂದು ಸೇಫ್ಟಿ ಪಿನ್ನು ಸಿಕ್ಕಿಸಿ.

ಸಾಲು 3: ತಿರುಗಿಸಿ, ಮೂರು ಚೈನ್, ಅದರ ಬುಡದಲ್ಲೇ ಇನ್ನೊಂದು ಕಂಬ. ಉಳಿದ ಪ್ರತಿಯೊಂದರಲ್ಲೂ ಒಂದೊಂದು. ಕೊನೆಯದು ಹಿಂದಿನ ಸಾಲಿನ ಮೂರು ಚೈನಿನ ತುದಿಯಲ್ಲಿ. ಒಟ್ಟು 5.

ಸಾಲು 4: ತಿರುಗಿಸಿ, ಮೂರು ಚೈನ್. ಬುಡದಲ್ಲಿ ಏನೂ ಹಾಕದೆ ಎರಡನೆಯ ಕಂಬದಿಂದ ಒಂದೊಂದು, ಕೊನೆಯದರಲ್ಲಿ ಎರಡು. ಒಟ್ಟು 6.

ಇನ್ನು 3 ಮತ್ತು 4ನೇ ಸಾಲಿನದೇ ಪುನರಾವರ್ತನೆ. ಬೆಸ ಸಾಲು ಏರು ಅಂಚಿನಲ್ಲಿ ಶುರುವಾಗುತ್ತದೆ, ಸಮ ಸಾಲು ಏರು ಅಂಚಿನಲ್ಲಿ ಮುಗಿಯುತ್ತದೆ. ಲೆಕ್ಕ ಸರಳ: ಸಾಲಿನ ಸಂಖ್ಯೆಗೆ ಎರಡು ಕೂಡಿಸಿದರೆ ಆ ಸಾಲಿನ ಕಂಬಗಳು. 37ನೇ ಸಾಲಿಗೆ 39, 80ನೇ ಸಾಲಿಗೆ 82. ಹತ್ತು ಸಾಲಿಗೊಂದು ಪಿನ್ನು ನೇರ ಅಂಚಿಗೆ ಸಿಕ್ಕಿಸುತ್ತಾ ಹೋದರೆ ಸಾಲು ಎಣಿಸುವ ಕಷ್ಟವೂ ಇಲ್ಲ.

ಈ ಶಾಲಿಗೆ ಬೇರೆ ಮಾದರಿ ತುಂಡು ಹಾಕಿ ನೋಡಬೇಕಾಗಿಲ್ಲ, ಆ ತುದಿಯೇ ಮಾದರಿ. 12 ಸಾಲು ಆದಮೇಲೆ ನೇರ ಅಂಚು ಅಳೆಯಿರಿ, ಸುಮಾರು 15 ಸೆಂ.ಮೀ. ಇರಬೇಕು. ಮೇಲಿನ 14 ಕಂಬಗಳ ಅಗಲ 9ರಿಂದ 9.5 ಸೆಂ.ಮೀ. ತುದಿಯನ್ನು ಬೆರಳ ಮೇಲೆ ಹಾಕಿದರೆ ಎರಡೂ ಬದಿ ಬಾಗಿ ಇಳಿಯಬೇಕು. ಸೆಟೆದು ನಿಂತರೆ ಬಿಚ್ಚಿ, ಅರ್ಧ ಮಿ.ಮೀ. ದೊಡ್ಡ ಕಡ್ಡಿಯಲ್ಲಿ ಮತ್ತೆ ಶುರು ಮಾಡಿ. 12 ಸಾಲಿಗೆ ಒಟ್ಟು 102 ಕಂಬವಷ್ಟೇ, ಅರ್ಧ ಗಂಟೆಯ ಕೆಲಸ. ಇಲ್ಲಿ ಬಿಚ್ಚಲು ಮನಸ್ಸು ಮಾಡದವರು 60ನೇ ಸಾಲಿನಲ್ಲಿ ಬಿಚ್ಚಬೇಕಾಗುತ್ತದೆ.

ತಪ್ಪುವುದೆಲ್ಲ ನೇರ ಅಂಚಿನಲ್ಲಿ

ಏರು ಅಂಚಿನ ಕಡೆ ಎಲ್ಲರ ಗಮನ ಇರುತ್ತದೆ, ಅಲ್ಲಿ ತಪ್ಪು ಕಡಿಮೆ. ಕೆಡುವುದು ನೇರ ಅಂಚು. ಬೆಸ ಸಾಲಿನ ಕೊನೆಯಲ್ಲಿ, ಹಿಂದಿನ ಸಾಲಿನ ಮೂರು ಚೈನ್ ಒಂದು ಕಂಬವೆಂಬುದು ಮರೆತುಹೋಗುತ್ತದೆ, ಅದು ಪಕ್ಕಕ್ಕೆ ವಾಲಿಕೊಂಡು ಕಣ್ಣಿಗೂ ಬೀಳುವುದಿಲ್ಲ. ಹಾಗೆ ಬಿಟ್ಟರೆ ಎರಡು ಸಾಲಿಗೊಂದು ಕಂಬ ಕಳೆಯುತ್ತದೆ, ನೇರ ಅಂಚು ಒಳಕ್ಕೆ ಜಾರುತ್ತದೆ. ಇದಕ್ಕೆ ತದ್ವಿರುದ್ಧ ತಪ್ಪು ಸಮ ಸಾಲಿನ ಆರಂಭದಲ್ಲಿ: ಮೂರು ಚೈನ್ ಹಾಕಿ ಅದರ ಬುಡದಲ್ಲೇ ಕಂಬ ಹಾಕಿಬಿಡುವುದು. ಆಗ ಎರಡೂ ಕಡೆ ಹೆಚ್ಚಿ, ಶಾಲು ಬೀಸಣಿಗೆಯ ಹಾಗೆ ಅಗಲವಾಗುತ್ತದೆ. ಎರಡು ಸಾಲಿಗೊಮ್ಮೆ ಎಣಿಸಿದರೆ ಎರಡೂ ತಕ್ಷಣ ಸಿಕ್ಕಿಬೀಳುತ್ತವೆ.

ಮೂರು ಚೈನ್ ನಿಜವಾದ ಕಂಬಕ್ಕಿಂತ ತೆಳ್ಳಗಿರುವುದರಿಂದ ಅದರ ಪಕ್ಕದಲ್ಲೊಂದು ತೂತು ಕಾಣುತ್ತದೆ. ಅದು ಬೇಡವೆಂದರೆ ಚೈನನ್ನೇ ಬಿಡಿ. ತಿರುಗಿಸಿ, ಮೊದಲ ಕಂಬದ ತಲೆಯಲ್ಲಿ ಒಂದು ಸಿಂಗಲ್ ಹಾಕಿ. ಆ ಸಿಂಗಲ್ಲಿನ ಎಡಗಡೆಯ ನಿಂತ ಎಳೆಯಡಿ ಕಡ್ಡಿ ತೂರಿಸಿ ಅದರ ಮೇಲೆ ಇನ್ನೊಂದು ಸಿಂಗಲ್. ಒಂದರ ಮೇಲೊಂದು ಕೂತ ಈ ಎರಡು ಸೇರಿ ಒಂದು ಕಂಬದ ಎತ್ತರವಾಗುತ್ತದೆ. ಇದಕ್ಕೆ ಸ್ಪಷ್ಟವಾದ ತಲೆ ಇರುವುದರಿಂದ ಮುಂದಿನ ಸಾಲಿನಲ್ಲಿ ಬಿಟ್ಟುಹೋಗುವ ಭಯವೂ ಇಲ್ಲ. ನನ್ನ ಮಟ್ಟಿಗೆ ಮೂರು ಚೈನಿಗಿಂತ ಇದೇ ಮೇಲು. ಎಡಗೈಯವರು ಎಡ ಎಂದಲ್ಲಿ ಬಲ ಎಂದು ಓದಿಕೊಳ್ಳಿ.

ಜಾಲಿ ಸಾಲು

110 ಸಾಲೂ ಬರೀ ಕಂಬವಾದರೆ ಕಣ್ಣಿಗೆ ಬೇಸರ. ಎಂಟು ಸಾಲಿಗೊಮ್ಮೆ ಒಂದು ಜಾಲಿ ಸಾಲು ಹಾಕಿ: 8, 16, 24, ಹೀಗೆ. ನಾಲ್ಕು ಚೈನ್ ಹಾಕಿ, ಅದರಲ್ಲಿ ಮೂರು ಕಂಬಕ್ಕೆ, ಒಂದು ಜಾಲಿಗೆ. ಕೆಳಗಿನ ಒಂದು ಬಿಟ್ಟು ಮುಂದಿನದರಲ್ಲಿ ಒಂದು ಕಂಬ, ಒಂದು ಚೈನ್, ಒಂದು ಬಿಟ್ಟು ಇನ್ನೊಂದು ಕಂಬ. ಕೊನೆಯದರಲ್ಲಿ ಎಂದಿನಂತೆ ಎರಡು ಕಂಬ. ಚೈನನ್ನೂ ಒಂದೊಂದು ಕಂಬವೆಂದೇ ಎಣಿಸಿ, 8ನೇ ಸಾಲಿಗೆ ಸರಿಯಾಗಿ 10 ಬರುತ್ತದೆ. ಮುಂದಿನ ಸಾಲಿನಲ್ಲಿ ಕಂಬದ ಮೇಲೊಂದು, ತೂತಿನಲ್ಲೊಂದು.

ಸಮ ಸಾಲನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದರ ಕೆಳಗಿನ ಬೆಸ ಸಾಲಿನಲ್ಲಿ ಯಾವಾಗಲೂ ಬೆಸ ಸಂಖ್ಯೆಯ ಕಂಬಗಳಿರುತ್ತವೆ, ಒಂದು ಬಿಟ್ಟು ಒಂದು ಹಾಕಿದರೆ ಕೊನೆಯ ಕಂಬದ ಮೇಲೆಯೇ ಬಂದು ನಿಲ್ಲುತ್ತದೆ. ಬೆಸ ಸಾಲಿನಲ್ಲಿ ಜಾಲಿಗೆ ಹೊರಟರೆ ಕೊನೆಗೆ ಒಂದು ಕಂಬ ಹೊಂದದೆ ಉಳಿಯುತ್ತದೆ.

ದಾರ ಸಾಲುತ್ತದೆಯೇ

ತ್ರಿಕೋನದಲ್ಲಿ ದಾರದ ಲೆಕ್ಕ ಕಣ್ಣಿಗೆ ಮೋಸ ಮಾಡುತ್ತದೆ. 110 ಸಾಲಿನ ಶಾಲಿನಲ್ಲಿ 55ನೇ ಸಾಲಿಗೆ ಕಾಲು ಭಾಗ ದಾರವಷ್ಟೇ ಖರ್ಚಾಗಿರುತ್ತದೆ, ಅರ್ಧ ಖರ್ಚಾಗುವುದು 78ನೇ ಸಾಲಿನ ಹೊತ್ತಿಗೆ. 50 ಗ್ರಾಂ ಉಂಡೆಗಳಾದರೆ ಮೊದಲನೆಯದು ಸುಮಾರು 55 ಸಾಲು ಬರುತ್ತದೆ, ಎರಡನೆಯದು 24, ಮೂರನೆಯದು 18, ನಾಲ್ಕನೆಯದು 15. ಬಣ್ಣ ಬಣ್ಣದ ಪಟ್ಟೆ ಹಾಕುವವರು ಇದನ್ನು ನೆನಪಿಡಬೇಕು: ಉಂಡೆಗೊಂದು ಬಣ್ಣ ಎಂದುಕೊಂಡರೆ ಪಟ್ಟೆಗಳು ಕಿರಿದಾಗುತ್ತಾ ಹೋಗುತ್ತವೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಉಳಿದ ದಾರ ತೂಗುತ್ತಿರಿ. ಅಂಚುಪಟ್ಟಿಗೆ 25 ಗ್ರಾಂ ಎತ್ತಿಟ್ಟು ಉಳಿದದ್ದು ಮುಗಿಯುವವರೆಗೂ ಬೆಳೆಸಿ. 110 ಸಾಲಿಗೆ ನೇರ ಅಂಚು ಸುಮಾರು 137, ಏರು ಅಂಚು 156, ಕೊನೆಯ ಸಾಲು 75 ಸೆಂ.ಮೀ. ಆಗುತ್ತದೆ.

ಹೊಸ ಉಂಡೆ ಸೇರಿಸುವಾಗ ಗಂಟು ಹಾಕಬೇಡಿ, ಶಾಲಿಗೆ ಎರಡೂ ಮುಖ ಕಾಣುತ್ತವೆ. ಹಳೆಯ ದಾರದ ಕೊನೆಯ ಕಂಬದಲ್ಲಿ ಎರಡು ಕುಣಿಕೆ ಉಳಿದಾಗ ಹೊಸ ದಾರವನ್ನು ಅವುಗಳಿಂದ ಎಳೆದುಕೊಳ್ಳಿ. ಎರಡೂ ಬಾಲ 15 ಸೆಂ.ಮೀ. ಇರಲಿ, ಆಮೇಲೆ ಸೂಜಿಯಲ್ಲಿ ಒಮ್ಮೆ ಅತ್ತ, ಒಮ್ಮೆ ಇತ್ತ, ಮತ್ತೊಮ್ಮೆ ಅತ್ತ ಸೇರಿಸಿ. ಅಕ್ರಿಲಿಕ್ ಜಾರುವ ದಾರ, ಒಂದೇ ದಿಕ್ಕಿಗೆ ಸೇರಿಸಿದ್ದು ಎರಡು ಒಗೆತಕ್ಕೆ ಹೊರಬರುತ್ತದೆ. ಜಾಲಿ ಸಾಲಿನಲ್ಲಂತೂ ಬಾಲ ಮುಚ್ಚಿಡಲು ಜಾಗವೇ ಇಲ್ಲ, ಅಲ್ಲಿ ಸೇರಿಸಬೇಡಿ.

ಅಂಚುಪಟ್ಟಿ, ಹದ ಮಾಡುವುದು

ಸುತ್ತ ಒಂದು ಸಾಲು ಸಿಂಗಲ್ ಹಾಕಿದರೆ ಸಾಕು. ಕೊನೆಯ ಸಾಲಿನ ಮೇಲೆ ಕಂಬಕ್ಕೊಂದು. ನೇರ ಅಂಚಿನಲ್ಲಿ ಸಾಲಿಗೆ ಎರಡು. ಏರು ಅಂಚು ಉದ್ದವಾದ್ದರಿಂದ ಸಾಲಿಗೆ ಎರಡು, ಎಂಟು ಸಾಲಿಗೊಮ್ಮೆ ಮೂರು. ಮೇಲಿನ ಮೂಲೆಗಳಲ್ಲಿ ಒಂದೇ ಜಾಗಕ್ಕೆ ಮೂರು, ಚೂಪು ತುದಿಯಲ್ಲಿ ಸಿಂಗಲ್, ಎರಡು ಚೈನ್, ಸಿಂಗಲ್. ಅಂಚು ಅಲೆಅಲೆಯಾದರೆ ಹೆಚ್ಚು ಹಾಕಿದ್ದೀರಿ, ಶಾಲು ದೋಣಿಯ ಹಾಗೆ ಒಳಕ್ಕೆ ಬಾಗಿದರೆ ಕಡಿಮೆ. ಒಂದು ಗೇಣು ಹಾಕಿದ ಕೂಡಲೇ ನೆಲಕ್ಕೆ ಹಾಸಿ ನೋಡಿ.

ಹದ ಮಾಡುವ, ಅಂದರೆ ಶಾಲನ್ನು ಅಳತೆಗೆ ಎಳೆದು ಆಕಾರಕ್ಕೆ ಕೂರಿಸುವ ಮೊದಲು ದಾರ ಯಾವುದೆಂದು ಖಚಿತವಾಗಿರಲಿ. ಲೇಬಲ್ ಕಳೆದಿದ್ದರೆ ಒಂದು ತುಂಡನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ: ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆ, ಹತ್ತಿಯಾದರೆ ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಚಾಪೆಯ ಮೇಲೆ ಬೆಡ್‌ಶೀಟ್ ಹಾಸಿ, ಅಳತೆಗೆ ಎಳೆದು, ತುಕ್ಕು ಹಿಡಿಯದ ಪಿನ್ನು ಚುಚ್ಚಿ ಫ್ಯಾನಿನಡಿ ಒಣಗಿಸಿ. ಹಗ್ಗದ ಮೇಲೆ ಹಾಕಬೇಡಿ, ನೀರಿನ ಭಾರಕ್ಕೆ ಏರು ಅಂಚು ಜೋತುಬೀಳುತ್ತದೆ.

ಅಕ್ರಿಲಿಕ್ ನೀರಿಗೆ ಹದವಾಗುವುದಿಲ್ಲ, ಅದಕ್ಕೆ ಹಬೆ ಬೇಕು. ಒಣಗಿದ ಶಾಲನ್ನು ಪಿನ್ನು ಹಾಕಿ ಹಾಸಿ, ಸ್ಟೀಮ್ ಇಸ್ತ್ರಿಯನ್ನು ಮೂರು ಬೆರಳಷ್ಟು ಮೇಲೆ ಹಿಡಿದು ಹಬೆ ಬಿಡಿ. ಇಸ್ತ್ರಿ ತಾಗಿದರೆ ದಾರ ಕರಗಿ ಚಪ್ಪಟೆಯಾಗಿ ಹೊಳೆಯುತ್ತದೆ, ಆ ಜಾಗ ಮತ್ತೆ ಮೊದಲಿನಂತಾಗುವುದಿಲ್ಲ. ಆರುವವರೆಗೆ ಪಿನ್ನು ತೆಗೆಯಬೇಡಿ.